ನಾಲಿಗೆ ಕೆಳಗಿನ ಗುಂಡಿ

ಬಸ್ ನಿಲ್ದಾಣದ ದೂರು ಪುಸ್ತಕದಲ್ಲಿ ಜನ ಸಾಮಾನ್ಯವಾಗಿ ಬಸ್ಸು ತಡವಾಯಿತೆಂದೋ ಕಂಡಕ್ಟರು ಚಿಲ್ಲರೆ ಕೊಡಲಿಲ್ಲವೆಂದೋ ಬರೆಯುತ್ತಾರೆ. ಆ ಸೋಮವಾರ ಯಾರೋ ನೀಲಿ ಮಸಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಮೂರನೇ ಕಿಟಕಿಯ ಮಹಿಳೆಯ ಬಾಯಿ ನಾರುತ್ತದೆ. ಹತ್ತಿರ ನಿಂತು ಟಿಕೆಟ್ ಕೇಳುವುದೇ ಕಷ್ಟ. ದಯವಿಟ್ಟು ಕ್ರಮ ಕೈಗೊಳ್ಳಿ." ಕೆಳಗೆ ಸಹಿ, ಸಹಿಯ ಕೆಳಗೊಂದು ಗೆರೆ. ಅಷ್ಟು ಅಂದವಾಗಿ ಬರೆಯುವ ಕೈಗೆ ಅಷ್ಟು ಕೆಟ್ಟ ಮಾತು ಹೇಗೆ ಬಂತೋ ಏನೋ.

ಮ್ಯಾನೇಜರು ಮೂರನೇ ಕಿಟಕಿಯವಳನ್ನು ಕರೆಸಿ, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಇಟ್ಟರು.

"ಓದಿದ್ರಾ?"

"ಓದಿದೆ ಸಾರ್."

"ನನಗೇನೂ ತೊಂದರೆ ಇಲ್ಲಮ್ಮ, ನಾನು ದೂರ ಕೂತಿರ್ತೀನಿ. ಆದ್ರೆ ಬರಹದಲ್ಲಿ ಬಂದ ಮೇಲೆ ಬರಹದಲ್ಲೇ ಉತ್ತರ ಕೊಡ್ಬೇಕು. ಇನ್ನು ಆರು ವಾರಕ್ಕೆ ನಿಮ್ಮನ್ನ ಖಾಯಂ ಮಾಡೋ ಫೈಲು ಮೇಲೆ ಹೋಗುತ್ತೆ. ಯಾವ ಕಾಯಿಲೆನೂ ಇಲ್ಲ ಅಂತ ಡಾಕ್ಟರ ಚೀಟಿ ತಂದು ಅದಕ್ಕೆ ಸೇರಿಸಿಬಿಡಿ."

ಅವಳು ತಲೆಯಾಡಿಸಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಗಾದೆ ಅಷ್ಟು ಅಕ್ಷರಶಃ ನಿಜವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕಿಟಕಿಗೆ ಗಾಜಿತ್ತು, ಗಾಜಿನಲ್ಲಿ ಅಂಗೈಯಗಲದ ತೂತು. ಊರಿನ ಹೆಸರು ಹೇಳಲು ಆ ಕಡೆಯವರು ತೂತಿಗೆ ಬಗ್ಗಬೇಕು, ದರ ಹೇಳಲು ಈ ಕಡೆಯಿಂದ ಇವಳು ಬಗ್ಗಬೇಕು. ಆ ದಿನ ಅವಳು ಬಗ್ಗಲೇ ಇಲ್ಲ. ಚೀಟಿಯ ಮೇಲೆ ದರ ಬರೆದು ತೋರಿಸುತ್ತ ಎಂಟು ಗಂಟೆ ಕಳೆದಳು.

ಮನೆಯಲ್ಲಿ ಅವಳು ಇದನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ, ಏಕೆಂದರೆ ಮನೆಯಲ್ಲಿ ಗಿಣಿ ಇದ್ದಳು. ಗಿಣಿ ಮಗಳು, ಒಂಬತ್ತು ವರ್ಷ. ಕೇಳಿಸಿಕೊಂಡದ್ದನ್ನೆಲ್ಲ ಊಟದ ಹೊತ್ತಿಗೆ ಒಪ್ಪಿಸಿಬಿಡುವುದರಿಂದ ಆ ಹೆಸರು ಬಿದ್ದಿತ್ತು.

"ಅಮ್ಮ, ನಿನ್ನ ಬಾಯಿ ವಾಸನೆ ಬರುತ್ತಂತೆ," ಎಂದಳು, ಅನ್ನ ಕಲಸುತ್ತ. "ಅಪ್ಪ ಅಜ್ಜಿ ಹತ್ರ ಹೇಳ್ತಿದ್ರು. ಎರಡು ತಿಂಗಳಾಯ್ತಂತೆ."

ತಟ್ಟೆಯ ಮುಂದೆ ಕೂತ ನಾಲ್ವರಲ್ಲಿ ಮೂವರು ತಟ್ಟೆ ನೋಡಿದರು. ಗಂಡ ಲಿಫ್ಟ್ ಮೆಕ್ಯಾನಿಕ್. ಹನ್ನೆರಡನೇ ಮಹಡಿಯಲ್ಲಿ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವವನು ಹೆಂಡತಿಯ ಮುಖ ನೋಡಲು ಹೆದರಿದ.

"ಕೆಟ್ಟದಾಗೇನೂ ಹೇಳಿಲ್ಲ ಕಣೆ," ಎಂದ. "ಹೊಟ್ಟೆ ಸರಿ ಇಲ್ವೇನೋ ಅಂದೆ, ಅಷ್ಟೆ."

"ನನಗೇ ಹೇಳ್ಬಹುದಿತ್ತು."

"ಹೇಗೆ ಹೇಳೋದು?"

ಎರಡು ತಿಂಗಳಿಂದ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದುದು ಬೆನ್ನುನೋವಿಗೆಂದು ಅವಳು ನಂಬಿ, ಬೆನ್ನಿಗೆ ಎಣ್ಣೆ ತಿಕ್ಕಿಕೊಟ್ಟಿದ್ದಳು. ಈಗ ಅದನ್ನು ನೆನೆದು ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಎದ್ದು ಹೋಗಿ ಡಬ್ಬಿಯಿಂದ ಎರಡು ಲವಂಗ ತಂದು ಸೊಸೆಯ ತಟ್ಟೆಯ ಅಂಚಿಗೆ ಇಟ್ಟರು.

ಮರುದಿನದಿಂದ ಮನೆಯಲ್ಲಿ ಚಿಕಿತ್ಸೆ ಶುರುವಾಯಿತು. ಅತ್ತೆ ಅಡುಗೆಮನೆಯಿಂದ ಈರುಳ್ಳಿ ಬೆಳ್ಳುಳ್ಳಿ ಎರಡನ್ನೂ ಹೊರಗೆ ಹಾಕಿದರು. ಮೂರನೇ ದಿನಕ್ಕೆ ಗಂಡ ಸಾರನ್ನು ಬಾಯಿಗಿಟ್ಟು ಕೆಳಗಿಟ್ಟ.

"ಅಮ್ಮ, ಇದು ಸಾರಾ, ತಟ್ಟೆ ತೊಳೆದ ನೀರಾ?"

"ಸುಮ್ನೆ ತಿನ್ನು. ಅವಳ ಬಾಯಿ ಸರಿಹೋಗೋ ತನಕ ಹೀಗೇ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನಾನೇನು ಮಾಡಿದ್ದೆ?"

ಆದರೂ ಅವನೂ ಕೈಕಟ್ಟಿ ಕೂರಲಿಲ್ಲ. ಔಷಧಿ ಅಂಗಡಿಯಿಂದ ಬಾಯಿ ಮುಕ್ಕಳಿಸುವ ಹಸಿರು ನೀರಿನ ದೊಡ್ಡ ಬಾಟಲಿ, ನಾಲಿಗೆ ಉಜ್ಜುವ ತಾಮ್ರದ ಪಟ್ಟಿ, ಗಟ್ಟಿ ಕೂದಲಿನ ಬ್ರಷ್ಷು ತಂದ. ಅವಳು ದಿನಕ್ಕೆ ನಾಲ್ಕು ಸಲ ಮುಕ್ಕಳಿಸಿದಳು. ಬಾಯಿ ಉರಿಯಿತು, ಅರ್ಧ ಗಂಟೆ ಘಮ್ಮೆಂದಿತು, ಆಮೇಲೆ ಮೊದಲಿಗಿಂತ ಒಣಗಿತು. ಗಿಣಿ ದಿನಾ ಸಂಜೆ ಮೂಗು ಹತ್ತಿರ ತಂದು ಪರೀಕ್ಷೆ ಮಾಡಿ, "ಇವತ್ತೂ ಇದೆ," ಎಂದು ವರದಿ ಕೊಡುತ್ತಿದ್ದಳು. ಮಕ್ಕಳಷ್ಟು ಪ್ರಾಮಾಣಿಕರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ.

ರೋಗ ಎಲ್ಲಿದೆಯೆಂದು ಸೊಸೆಗೆ ಮೊದಲಿಂದಲೂ ಗೊತ್ತಿತ್ತು.

ಬಸ್ ನಿಲ್ದಾಣದಲ್ಲಿ ಕೆಲಸ ಮಾಡುವ ಹೆಂಗಸರಿಗೆ ಒಂದೇ ಒಂದು ಕಕ್ಕಸು. ಅದಕ್ಕೆ ಸದಾ ಬೀಗ. ಬೀಗದ ಕೈಯನ್ನು ಮೊಳದುದ್ದದ ಮರದ ಹಲಗೆಗೆ ಕಟ್ಟಿ, ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ 'ಮಹಿಳೆಯರು' ಎಂದು ಬರೆದು, ಮ್ಯಾನೇಜರ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದ್ದರು. ಹಿಂದೆ ಯಾರೋ ಬೀಗದ ಕೈ ಕಳೆದುಹಾಕಿದ್ದರಂತೆ, ಅದಕ್ಕೇ ಹಲಗೆ. ಹೋಗಬೇಕಾದರೆ ಕಿಟಕಿಗೆ 'ಮುಚ್ಚಿದೆ' ಫಲಕ ಇಟ್ಟು, ರಿಜಿಸ್ಟರಿನಲ್ಲಿ ಹೊತ್ತು ಬರೆದು, ಹಲಗೆ ಹಿಡಿದುಕೊಂಡು ಪ್ರಯಾಣಿಕರು ತುಂಬಿದ ಹಜಾರವನ್ನು ಉದ್ದಕ್ಕೆ ದಾಟಬೇಕು. ಸೇರಿದ ಎರಡನೇ ತಿಂಗಳು ಅವಳು ಹಾಗೆ ಹೋಗಿದ್ದಳು. ಚಹಾದಂಗಡಿಯ ಮುಂದೆ ನಿಂತವನೊಬ್ಬ "ಹೊರಟಿತಪ್ಪ ಮೆರವಣಿಗೆ" ಎಂದ. ಸಾಲಿನಲ್ಲಿದ್ದವನೊಬ್ಬ "ನಮ್ಮ ಬಸ್ಸು ಹೋಯ್ತು, ಇವರಿಗೆ ಈಗ ಅರ್ಜೆಂಟು" ಎಂದು ಕೂಗಿದ. ಹಿಂದಿರುಗಿದಾಗ ರಿಜಿಸ್ಟರಿನಲ್ಲಿ ಅವಳ ಹೆಸರಿನ ಎದುರು ಕೆಂಪು ಮಸಿಯಲ್ಲಿ 'ಏಳು ನಿಮಿಷ' ಎಂದಿತ್ತು. ಕೆಂಪು ಮಸಿ ಹೆಚ್ಚಾದವರು ಖಾಯಂ ಆಗುವುದಿಲ್ಲವೆಂದು ಎರಡನೇ ಕಿಟಕಿಯವನು ಹೇಳಿದ. ಅಂದಿನಿಂದ ಅವಳು ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ನೀರು ಮುಟ್ಟಲಿಲ್ಲ. ಅತ್ತೆ ತುಂಬಿಸಿಕೊಡುತ್ತಿದ್ದ ಬಾಟಲಿಯನ್ನು ಸಂಜೆ ಗೇಟಿನ ಬಳಿಯ ಗಿಡಕ್ಕೆ ಸುರಿದು ಮನೆಗೆ ಬರುತ್ತಿದ್ದಳು.

ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಹಿಂದೆ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಇದ್ದಾಗ, ಅಲ್ಲಿನ ಕಕ್ಕಸಿಗೆ ಚಿಲಕ ಇಲ್ಲವೆಂದು ಒಂದು ಸಂಜೆ ನಗುತ್ತ ಹೇಳಿದ್ದಳು. ಮರುದಿನ ಬೆಳಿಗ್ಗೆ ಗಂಡ ಕಾರ್ಖಾನೆಗೆ ಹೋಗಿ, ಸೂಪರ್‌ವೈಸರನ ಜೊತೆ ಜಗಳ ಮಾಡಿ, ಅವಳನ್ನೂ ಅವಳ ಊಟದ ಡಬ್ಬಿಯನ್ನೂ ಮನೆಗೆ ಕರೆದುಕೊಂಡು ಬಂದಿದ್ದ. "ಮಾನ ಬಿಟ್ಟು ದುಡೀಬೇಕಾದ್ದೇನಿಲ್ಲ," ಎಂದಿದ್ದ, ಪ್ರೀತಿಯಿಂದಲೇ. ಅದಾದ ಮೇಲೆ ಮೂರು ವರ್ಷ ಅವಳು ಎರಡು ಕೋಣೆಗಳ ನಡುವೆ ಓಡಾಡಿಕೊಂಡಿದ್ದಳು. ಈ ಕೆಲಸ ಪರೀಕ್ಷೆ ಬರೆದು, ಪಾಸಾಗಿ, ತಾನೇ ಸಂಪಾದಿಸಿದ್ದು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಕೊಳಕಿ ಅನ್ನಿಸಿಕೊಳ್ಳಬೇಕು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಬಾಯಲ್ಲೇ ಇಟ್ಟುಕೊಂಡಳು.

ಎರಡನೇ ವಾರ ಸೊಸೆ ಹಲ್ಲಿನ ಡಾಕ್ಟರ ಹತ್ತಿರ ಹೊರಟಳು. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಬಂದು, ಕುರ್ಚಿಯ ಪಕ್ಕದಲ್ಲೇ ನಿಂತರು. ಡಾಕ್ಟರಮ್ಮ ಸಣ್ಣ ಕನ್ನಡಿ ಹಾಕಿ ನೋಡಿದರು.

"ಹಲ್ಲು ಚೆನ್ನಾಗೇ ಇದೆ. ವಸಡು ಸ್ವಲ್ಪ ಊದಿದೆ, ಸ್ವಚ್ಛ ಮಾಡ್ತೀನಿ. ನಾಲಿಗೆ ಹಿಂದೆ ಬಿಳಿ ಪದರ ಕಟ್ಟಿದೆ, ವಾಸನೆ ಅಲ್ಲಿಂದ. ಮುಕ್ಕಳಿಸೋ ಔಷಧಿ ಏನಾದ್ರೂ ಬಳಸ್ತಿದ್ದೀರಾ?"

"ಹೂಂ. ದಿನಕ್ಕೆ ನಾಲ್ಕು ಸಲ."

"ನಿಲ್ಲಿಸಿ. ಅದರಲ್ಲಿ ಸ್ಪಿರಿಟ್ ಇರುತ್ತೆ, ಬಾಯಿನ ಇನ್ನೂ ಒಣಗಿಸುತ್ತೆ. ಜೊಲ್ಲು ಹರೀತಿದ್ರೆ ಬಾಯಿ ತನ್ನನ್ನ ತಾನೇ ತೊಳ್ಕೊಳ್ಳುತ್ತಮ್ಮ. ನಿಮಗೆ ಅದೇ ಇಲ್ಲ. ದಿನಕ್ಕೆ ಎಷ್ಟು ನೀರು ಕುಡೀತೀರಿ?"

ಸೊಸೆ ಅತ್ತೆಯ ಕಡೆ ನೋಡಲಿಲ್ಲ. "ಎಂಟು ಲೋಟ."

"ಎಂಟು ಲೋಟ ಕುಡಿದ ಬಾಯಿ ಹೀಗಿರಲ್ವಲ್ಲ. ಹಿಟ್ಟಿನ ಡಬ್ಬಿ ನೋಡಿದ ಹಾಗಿದೆ."

"ಕುಡೀತೀನಿ ಡಾಕ್ಟರ್."

ಎಂಟು ಲೋಟದ ಸುಳ್ಳಿನಿಂದ ಹುಡುಕಾಟ ಬೇರೆ ದಾರಿ ಹಿಡಿಯಿತು. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆಗೆ ಬರೆದರು, ಹೊಟ್ಟೆಯದ್ದೂ ನೋಡಿಸಿ ಎಂದರು. ಮೂರು ವಾರ ಬಿಟ್ಟು ಬನ್ನಿ, ಸರಿಹೋಗಿದ್ದರೆ ಚೀಟಿ ಕೊಡುತ್ತೇನೆ ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು. ಅಡುಗೆಮನೆಯ ಪ್ರತಿ ಲೋಟದ ಲೆಕ್ಕ ಬಲ್ಲ ಹೆಂಗಸು ಎಂಟು ಲೋಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ರಕ್ತದಲ್ಲಿ ಏನೂ ಇರಲಿಲ್ಲ. ಹೊಟ್ಟೆಯಲ್ಲೂ ಇರಲಿಲ್ಲ. ವರದಿ ಬಂದ ಶನಿವಾರ ಊಟದ ಹೊತ್ತಿಗೆ ಗಂಡ ಕಾಗದಗಳನ್ನು ತಿರುವಿ ಹಾಕುತ್ತ, "ಎಲ್ಲಾ ನಾರ್ಮಲ್ಲು. ಮತ್ತೆ ಇನ್ನೇನು?" ಎಂದ.

"ಅಮ್ಮ ನೀರೇ ಕುಡಿಯಲ್ಲ," ಎಂದಳು ಗಿಣಿ. "ಬಾಟಲಿ ನೀರೆಲ್ಲ ಬಸ್‌ಸ್ಟ್ಯಾಂಡ್ ಗೇಟಿನ ಗಿಡಕ್ಕೆ ಹಾಕ್ತಾಳೆ. ಸ್ಕೂಲ್ ವ್ಯಾನಿಂದ ನೋಡಿದೆ. ಗಿಡ ಎಷ್ಟು ಚೆನ್ನಾಗಿದೆ ಗೊತ್ತಾ!"

ಗಂಡ ಕಾಗದ ಕೆಳಗಿಟ್ಟ. "ಹೌದಾ?"

ಸೊಸೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಡಾಕ್ಟರ ಹತ್ರ ಎಂಟು ಲೋಟ ಅಂದೆಯಂತೆ. ಯಾಕೆ ಕುಡಿಯಲ್ಲ? ಏನಾಗಿದೆ ಅಲ್ಲಿ?"

"ಏನೂ ಆಗಿಲ್ಲ ಕಣೋ," ಎಂದು ಅತ್ತೆ ನಡುವೆ ಬಂದರು. "ಅವಳದ್ದೂ ನನ್ನ ಹಾಗೇ. ಕೆಲಸದ ಗಡಿಬಿಡೀಲಿ ನೆನಪಾಗಲ್ಲ. ಮಿಲ್ಲಿಗೆ ಹೋಗ್ತಿದ್ದಾಗ ನಾನೇನು ಬಿಂದಿಗೆಗಟ್ಟಲೆ ಕುಡೀತಿದ್ನಾ? ತಿನ್ನು ನೀನು, ಆರಿ ತಣ್ಣಗಾಯ್ತು."

ಗಂಡ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ತಿನ್ನತೊಡಗಿದ. ಆ ಮನೆಯಲ್ಲಿ ಅತ್ತೆ ಸೊಸೆಯ ಪರವಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಮರುದಿನ ಭಾನುವಾರ ಮಧ್ಯಾಹ್ನ ಇಬ್ಬರೂ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದರು. ಗಿಣಿ ಹೊಸ್ತಿಲ ಮೇಲೆ ಕೂತು ಪೆನ್ಸಿಲು ಹೆರೆಯುತ್ತಿದ್ದಳು. ಅವಳ ಕಡೆ ಯಾರ ಗಮನವೂ ಇರಲಿಲ್ಲ. ಅತ್ತೆ ಹೊದಿಕೆಯ ಒಂದು ತುದಿ ಹಿಂಡುತ್ತ ಕೇಳಿದರು:

"ಬೀಗದ ಕೈ ಯಾರ ಹತ್ರ ಇರುತ್ತೆ?"

"ಯಾವ ಬೀಗದ ಕೈ ಅತ್ತೆ?"

"ಇನ್ಯಾವುದು, ಕಕ್ಕಸಿಂದು."

ಸೊಸೆ ಹೊದಿಕೆಯ ಇನ್ನೊಂದು ತುದಿಯನ್ನು ಬಿಟ್ಟುಬಿಟ್ಟಳು. ಅದು ಕೆಸರಿಗೆ ಬಿತ್ತು. ಅತ್ತೆ ಬೈಯಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ಬಾಯಿಂದ ಹಲ್ಲಿನ ಸೆಟ್ ತೆಗೆದು, ಚೊಂಬಿನ ನೀರಲ್ಲಿ ಜಾಲಿಸಿ ಸೆರಗಿನ ಮೇಲೆ ಇಟ್ಟುಕೊಂಡರು. ಮುಖಕ್ಕೆ ಒಮ್ಮೆಲೇ ಹತ್ತು ವರ್ಷ ಹೆಚ್ಚಾಯಿತು.

"ನಮ್ಮ ಮಿಲ್ಲಲ್ಲಿ ಮೇಸ್ತ್ರಿ ಜೇಬಲ್ಲಿತ್ತು. ಕೇಳೋಕೆ ಹೋದ್ರೆ ಗಡಿಯಾರ ನೋಡ್ತಿದ್ದ, ಆಮೇಲೆ ನಮ್ಮನ್ನ ಮೇಲಿಂದ ಕೆಳಗೆ ನೋಡ್ತಿದ್ದ. ಎಂಬತ್ತು ಜನ ಹೆಂಗಸರು. ಯಾರೂ ನೀರು ಕುಡೀತಿರಲಿಲ್ಲ. ಹದಿನಾಲ್ಕು ವರ್ಷ. ಮೂವತ್ತೆಂಟಕ್ಕೆ ವಸಡು ಹೋಯ್ತು, ನಲವತ್ತೆರಡಕ್ಕೆ ಹಲ್ಲು. ನಿಮ್ಮ ಮಾವ ಆ ಕಡೆ ಮುಖ ಮಾಡಿ ಮಲಗಿದವರು, ಹಾಗೇ ಹೋಗಿಬಿಟ್ರು."

"ನನ್ನದು ನಿಮಗೆ ಯಾವಾಗ ಗೊತ್ತಾಯ್ತು?"

"ಅವನು ಹೇಳೋಕೆ ಮುಂಚೆನೇ. ನನ್ನದೇ ವಾಸನೆ, ನನಗೆ ಗೊತ್ತಾಗಲ್ವಾ?"

"ಮತ್ತೆ ಬೆಳ್ಳುಳ್ಳಿ ಯಾಕೆ ನಿಲ್ಲಿಸಿದ್ರಿ? ಎಲ್ಲರನ್ನೂ ಯಾಕೆ ಉಪವಾಸ ಕೆಡವಿದ್ರಿ?"

"ಬೆಳ್ಳುಳ್ಳಿದೇ ಆಗಿರ್ಲಿ ಅಂತ ಆಸೆ ಇತ್ತು ಕಣಮ್ಮ," ಎಂದರು ಅತ್ತೆ.

ಸೊಸೆ ಅತ್ತಳು. ಅತ್ತೆ ಅವಳನ್ನು ಅಳಲು ಬಿಟ್ಟು, ಆಮೇಲೆ ಹಲ್ಲು ಹಾಕಿಕೊಂಡು ಒಳಗೆ ಹೋಗಿ, ಸೂಜಿದಾರದ ಡಬ್ಬಿಯಿಂದ ಒಂದು ಗುಂಡಿ ಹುಡುಕಿ ತಂದರು. ಹಳೆಯ ಅಂಗಿಯ ಚಿಪ್ಪಿನ ಗುಂಡಿ, ಅಂಚು ಸವೆದು ನುಣುಪಾಗಿತ್ತು.

"ಬಿಸಿನೀರಲ್ಲಿ ಕುದಿಸಿ ನಾಲಿಗೆ ಕೆಳಗೆ ಇಟ್ಕೋ. ಬಾಯಲ್ಲಿ ಏನಾದ್ರೂ ಇದ್ರೆ ಜೊಲ್ಲು ಬರುತ್ತೆ, ವಾಸನೆ ಹೋಗುತ್ತೆ. ಕೊನೆಕೊನೆಗೆ ಮಿಲ್ಲಲ್ಲಿ ಎಲ್ಲರೂ ಹೀಗೇ ಮಾಡ್ತಿದ್ವಿ. ನನಗೆ ಇದು ತಡವಾಗಿ ಗೊತ್ತಾಯ್ತು, ನಿನಗೆ ಇನ್ನೂ ಹೊತ್ತಿದೆ. ಇವನಿಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ನಾಳೆನೇ ಬಿಡಿಸ್ತಾನೆ. ನನ್ನ ಮಗ ಒಳ್ಳೆಯವನು, ಅದೇ ಕಷ್ಟ."

ಗುಂಡಿ ಕೆಲಸ ಮಾಡಿತು. ಮೊದಲ ದಿನ ಎರಡು ಸಲ ಮೇಜಿನ ಮೇಲೆ ಉದುರಿತು. ಒಂದು ಸಲ ಟಿಕೆಟ್ಟಿನ ಜೊತೆ ತೂತಿನಿಂದ ಆಚೆಗೇ ಹೋಗುವುದರಲ್ಲಿತ್ತು. ವಾರ ಕಳೆಯುವಷ್ಟರಲ್ಲಿ ಅದನ್ನು ದವಡೆಗೆ ಒತ್ತಿಟ್ಟುಕೊಂಡು ಊರುಗಳ ಹೆಸರು ಹೇಳುವುದು ಅವಳಿಗೆ ರೂಢಿಯಾಯಿತು. ನಿಧಾನವಾಗಿ, ತೂಗಿ ತೂಗಿ ಮಾತಾಡುತ್ತಿದ್ದಳು. ನಗುವಂತಿರಲಿಲ್ಲ, ನಕ್ಕರೆ ಗುಂಡಿ ಗಂಟಲಿಗೆ ಹೋದೀತು. "ಮೂರನೇ ಕಿಟಕಿಯವರು ಗಂಭೀರ ಆಗಿಬಿಟ್ರಲ್ಲ," ಎಂದು ಎರಡನೇ ಕಿಟಕಿಯವನು ಮೆಚ್ಚಿಕೊಂಡ. ನೀರು ಎಂದಿನಂತೆ ಗಿಡಕ್ಕೇ ಹೋಗುತ್ತಿತ್ತು, ಗಿಣಿಯ ವ್ಯಾನು ದಾಟಿದ ಮೇಲೆ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಮೂತ್ರ ಉರಿಯುತ್ತಿತ್ತು. ಆದರೆ ಅವೆರಡೂ ಯಾರ ಮೂಗಿಗೂ ಬಡಿಯುವಂಥವಲ್ಲ, ಹಾಗಾಗಿ ಅವಕ್ಕೆ ದೂರು ಪುಸ್ತಕ ಇರಲಿಲ್ಲ.

ಡಾಕ್ಟರಮ್ಮ ವಸಡು ನೋಡಿ, ನಾಲಿಗೆ ನೋಡಿ, ಚೀಟಿ ಬರೆದುಕೊಟ್ಟರು. ಆರನೇ ವಾರ ಫೈಲು ಮೇಲೆ ಹೋಯಿತು, ಕೆಲವು ದಿನಗಳಲ್ಲೇ ಖಾಯಂ ಆದೇಶ ಕೈಗೆ ಬಂತು. ಅಂದು ಗಂಡ ಬೇಗ ಮನೆಗೆ ಬಂದ. ಅತ್ತೆ ಎರಡು ಗಡ್ಡೆ ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಟ್ಟರು.

"ಈಗ ಮನೆ ಮನೆ ಹಾಗೆ ಇದೆ," ಎಂದ ಗಂಡ, ತಟ್ಟೆ ಮುಂದೆ ಕೂತು. "ನೋಡಿದ್ಯಾ, ಆ ತಾಮ್ರದ ಪಟ್ಟಿ ತಂದಿದ್ದಕ್ಕೆ ಸರಿಹೋಯ್ತು."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಸೊಸೆಗೆ ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಿತುಂಬ ನಗು ಬಂತು. ಆಮೇಲೆ ಗಿಣಿಗೆ ಬಡಿಸಲು ತಿರುಗಿದವಳಿಗೆ, ಇಷ್ಟು ಹೊತ್ತಾದರೂ ಗಿಣಿ ಒಂದು ಮಾತೂ ಆಡಿಲ್ಲವೆಂದು ಹೊಳೆಯಿತು. ಆ ದಿನ ಮಾತ್ರವಲ್ಲ, ಎರಡು ಮೂರು ದಿನಗಳಿಂದಲೇ ಊಟದ ಹೊತ್ತಿಗೆ ವರದಿ ಬಂದಿರಲಿಲ್ಲ.

"ಏನೇ ಗಿಣಿ, ಶಾಲೇಲಿ ಏನು ವಿಶೇಷ?"

ಗಿಣಿ ತಲೆ ಅಲ್ಲಾಡಿಸಿದಳು. ಅವಳ ಸಮವಸ್ತ್ರದ ಮೇಲಿಂದ ಎರಡನೇ ಗುಂಡಿ ಇರಲಿಲ್ಲ, ದಾರದ ತುಣುಕು ಮಾತ್ರ ಇತ್ತು. ಸೊಸೆಯ ಕಣ್ಣು ಅಲ್ಲಿಂದ ಬಾಗಿಲ ಪಕ್ಕದ ಶಾಲೆಯ ಚೀಲಕ್ಕೆ ಹೋಯಿತು. ಎದ್ದು ಹೋಗಿ ನೀರಿನ ಬಾಟಲಿ ಎತ್ತಿದಳು. ಬೆಳಿಗ್ಗೆ ತುಂಬಿಸಿದ ಹಾಗೇ ಭಾರವಾಗಿತ್ತು.

"ಬಾಯಿ ತೆಗಿ," ಎಂದಳು.

ಗಿಣಿ ತೆಗೆಯಲಿಲ್ಲ.

"ತೆಗಿ ಅಂದೆ!"

ಗಿಣಿ ಬಾಯಿ ತೆರೆದು ನಾಲಿಗೆ ಎತ್ತಿದಳು. ಅದರ ಕೆಳಗೆ ಬಿಳಿ ಗುಂಡಿ ಇತ್ತು.

"ಇದೇನೇ ಇದು!" ಎಂದು ಗಂಡ ಎದ್ದುನಿಂತ. "ನುಂಗಿದ್ರೆ ಏನು ಗತಿ? ಉಗುಳು!"

ಗಿಣಿ ಅಂಗೈಗೆ ಉಗುಳಿದಳು. ಅಳು ಬರುತ್ತಿತ್ತು, ಆದರೂ ಕೇಳಿದ್ದನ್ನು ಒಪ್ಪಿಸುವ ಅಭ್ಯಾಸ ಬಿಡಲಿಲ್ಲ. "ಶಾಲೆ ಕಕ್ಕಸಿಗೆ ಬೀಗ ಹಾಕಿದಾರೆ. ಬೀಗದ ಕೈ ಹೆಡ್‌ಮಾಸ್ಟರ್ ರೂಮಲ್ಲಿದೆ. ಕೇಳೋಕೆ ಹೋದ್ರೆ ದೊಡ್ಡ ಹುಡುಗರು ನಗ್ತಾರೆ. ಅದಕ್ಕೆ ನಾನು ನೀರು ಕುಡಿಯಲ್ಲ. ಬಾಯಿ ವಾಸನೆ ಬಂದ್ರೆ ಯಾರೂ ಪಕ್ಕ ಕೂರಲ್ಲ ಅಲ್ವಾ? ಗುಂಡಿ ಇಟ್ಕೊಂಡ್ರೆ ಬರಲ್ಲ ಅಂತ ಅಜ್ಜಿ ಅಮ್ಮನಿಗೆ ಹೇಳಿದ್ರು. ಅಮ್ಮನೂ ಹಾಗೇ ಮಾಡ್ತಾಳೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನು ಕೊಟ್ಟಿದ್ದು ನಿನಗಮ್ಮ," ಎಂದರು ಸೊಸೆಗೆ, "ಇವಳಿಗಲ್ಲ. ಇವಳಿಗೆ ಅಂತ ಕೊಡಲಿಲ್ಲ."

ಗಂಡ ಹೆಂಡತಿಯ ಕಡೆ ತಿರುಗಿದ. "ನೀನೂ ಹಾಗೇ ಮಾಡ್ತೀಯಾ? ಅಂದ್ರೆ ಅಲ್ಲಿ..."

"ಹೌದು. ಅಲ್ಲೂ ಬೀಗ. ಎರಡು ವರ್ಷದಿಂದ."

"ನನಗೆ ಯಾಕೆ ಹೇಳಲಿಲ್ಲ? ಸಾಕು, ನಾಳೆಯಿಂದ ನೀನು ಹೋಗೋದು ಬೇಡ. ಆ ಆದೇಶ ಅವರ ಮುಖದ ಮೇಲೆ ಎಸೆದು ಬರ್ತೀನಿ."

"ಹಾಗಾದ್ರೆ ಗಿಣಿನೂ ಶಾಲೆ ಬಿಡಿಸ್ತೀರಾ?" ಎಂದಳು ಅವಳು. ಅವಳ ದನಿ ಏರಿರಲಿಲ್ಲ. "ಹೇಳಿ. ಅವಳನ್ನೂ ಡಬ್ಬಿ ಸಮೇತ ಮನೆಗೆ ಕರ್ಕೊಂಡು ಬರ್ತೀರಾ?"

ಸಿಕ್ಕಿಕೊಂಡ ಲಿಫ್ಟಿನಿಂದ ನೂರಾರು ಜನರನ್ನು ಹೊರಗೆ ತೆಗೆದವನು ತನ್ನ ಮನೆಯ ನಡುವೆ ಕೈಚೆಲ್ಲಿ ನಿಂತಿದ್ದ. ಕೊನೆಗೆ ಮತ್ತೆ ಕೂತುಕೊಂಡು, ಬಾಟಲಿಯ ಮುಚ್ಚಳ ತಿರುಗಿಸಿ ಮಗಳ ಕೈಗೆ ಕೊಟ್ಟ. ಗಿಣಿ ಗಟಗಟನೆ ಅರ್ಧ ಬಾಟಲಿ ಕುಡಿದಳು.

ಊಟವಾದ ಮೇಲೆ ಸೊಸೆ ಸೂಜಿದಾರದ ಡಬ್ಬಿ ತೆಗೆದುಕೊಂಡು ಕಿಟಕಿಯ ಬಳಿ ಕೂತಳು. ಚಿಪ್ಪಿನ ಗುಂಡಿಯನ್ನು ಡಬ್ಬಿಗೆ ಹಾಕಿ, ಗಿಣಿಯ ಗುಂಡಿಯನ್ನು ತೊಳೆದು ಅಂಗಿಗೆ ಇಟ್ಟು ಹೊಲಿದಳು. ಎರಡೆಳೆ ದಾರ, ಕೆಳಗೆ ಬಿಗಿಯಾದ ಗಂಟು. ಗಿಣಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ನಾಳೆ ನೀರು ಕುಡೀಲಾ ಅಮ್ಮ?"

"ಕುಡಿ."

"ಮತ್ತೆ ಬೀಗದ ಕೈ?"

"ಹೋಗಿ ಕೇಳು."

"ನಗ್ತಾರೆ."

ಸೊಸೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. "ನನ್ನನ್ನ ನೋಡಿನೂ ನಗ್ತಾರೆ," ಎಂದಳು. "ನಾಳೆ ನಾನೂ ಕೇಳ್ತೀನಿ."